ಕೃತಕ ಅಂಗದ ಕ್ಲಿನಿಕ್‌ನಿಂದ ವೈದ್ಯಕೀಯ ಶಿಕ್ಷಣದ ಕಡೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೊಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್, ಅಂದರೆ ನಾವು ಪಿ ಅಂಡ್ ಓ ಅನ್ನುವ ಕೋರ್ಸ್ ಓದಿ, ಕೆಲವು ವರ್ಷ ಕೃತಕ ಕಾಲು, ಕೃತಕ ಕೈ, ಕ್ಯಾಲಿಪರ್ (ಬಲವಿಲ್ಲದ ಕಾಲಿಗೆ ಕಟ್ಟುವ ಆಸರೆ) ಮಾಡಿಕೊಟ್ಟವರು ಪಾಠದ ಕಡೆಗೆ ಬರಬಹುದಾ? ಅಲ್ಲಿಂದ ಮುಂದೆ ವೈದ್ಯಕೀಯ ಶಿಕ್ಷಣವನ್ನೇ ತಮ್ಮ ವಿಷಯ ಮಾಡಿಕೊಳ್ಳಬಹುದಾ? ನಮ್ಮಲ್ಲಿ ಈ ದಾರಿ ಹಿಡಿದವರು ಕಡಿಮೆ. ಕೇಳುವವರು ಮಾತ್ರ ಜಾಸ್ತಿ ಆಗುತ್ತಿದ್ದಾರೆ. ಜೂನಿಯರ್‌ಗಳು, ಅವರ ಅಪ್ಪ ಅಮ್ಮ, ಕೆಲವೊಮ್ಮೆ ಮೆಡಿಕಲ್ ಕಾಲೇಜಿನ ಡಾಕ್ಟರ್‌ಗಳು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕೃತಕ ಕಾಲು ಮಾಡುವವರಿಗೂ ವೈದ್ಯಕೀಯ ಶಿಕ್ಷಣಕ್ಕೂ ಏನು ಸಂಬಂಧ?

ತುಂಬ ಹತ್ತಿರದ ಸಂಬಂಧ. ಒಂದು ದಿಂಬಿನಿಂದಲೇ ಶುರು ಮಾಡೋಣ.

ಮೊಣಕಾಲಿನ ಕೆಳಗೆ ಕಾಲು ತೆಗೆದ ರೋಗಿ ವಾರ್ಡ್‌ನಲ್ಲಿ ಮಲಗಿದ್ದಾರೆ. ನೋವು ಇದೆ. ಮನೆಯವರೋ ವಾರ್ಡ್‌ನವರೋ ಪ್ರೀತಿಯಿಂದ ಮೊಣಕಾಲಿನ ಕೆಳಗೆ ದಿಂಬು ಇಡುತ್ತಾರೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ದಿನಗಟ್ಟಲೆ ಮಂಡಿ ಮಡಚಿಕೊಂಡೇ ಇದ್ದರೆ ಸ್ನಾಯು ಕುಗ್ಗುತ್ತದೆ, ಕೀಲು ಬಿಗಿಯುತ್ತದೆ. ಕೆಲವು ವಾರದ ನಂತರ ಅವರು ನಮ್ಮ ಹತ್ತಿರ ಬರುವಾಗ ಮಂಡಿ ನೆಟ್ಟಗಾಗುವುದಿಲ್ಲ. ಮಂಡಿ ಬಗ್ಗಿಕೊಂಡಿರುವ ಕಾಲಿಗೆ ಸಾಕೆಟ್ (ಉಳಿದ ಕಾಲು ಒಳಗೆ ಕೂರುವ ಕೃತಕ ಕಾಲಿನ ಬಟ್ಟಲು) ಕೂರಿಸಿ, ಅಲೈನ್‌ಮೆಂಟ್, ಅಂದರೆ ಭಾಗಗಳ ನೇರ, ಹೊಂದಿಸಿ ನಡೆಸುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಕೆಲವರಿಗೆ ಆಗುವುದೇ ಇಲ್ಲ.

ಈ ಹಾನಿಯನ್ನು ನಾವು ವರ್ಕ್‌ಶಾಪ್‌ನಲ್ಲಿ ಕೂತು ತಡೆಯಲು ಆಗುವುದಿಲ್ಲ. ಅದನ್ನು ತಡೆಯಬೇಕಾದವರು ಸರ್ಜರಿ ವಾರ್ಡ್‌ನ ಹೌಸ್ ಸರ್ಜನ್, ನರ್ಸ್, ಫಿಸಿಯೋ. ಅವರಿಗೆ ಇದನ್ನು ಹೇಳಿಕೊಡುವವರು ಯಾರು? ಹಾನಿಯ ಕೊನೆಯ ಫಲವನ್ನು ದಿನಾ ಕಾಣುವವರು ನಾವೇ ಅಲ್ವಾ?

ಇನ್ನೂ ಇದೆ. ಕಾಲನ್ನು ಎಲ್ಲಿ ಕತ್ತರಿಸಬೇಕು, ಮೂಳೆಯ ತುದಿಯನ್ನು ಎಷ್ಟು ನಯ ಮಾಡಬೇಕು, ಸ್ನಾಯುವಿನ ಹೊದಿಕೆ ಹೇಗಿರಬೇಕು, ನರವನ್ನು ಎಲ್ಲಿ ಬಿಡಬೇಕು: ಇದೆಲ್ಲ ಸರ್ಜನ್ ತೀರ್ಮಾನ. ಅದರ ಫಲವನ್ನು ಮುಂದಿನ 30 ವರ್ಷ ಹೊತ್ತುಕೊಂಡು ನಡೆಯುವವರು ರೋಗಿ. ಅಮೆರಿಕದ ರಾಂಚೋ ಲಾಸ್ ಅಮಿಗೋಸ್ ಆಸ್ಪತ್ರೆಯ ರಾಬರ್ಟ್ ವಾಟರ್ಸ್ ಮತ್ತು ಜೊತೆಗಾರರು 1976ರಲ್ಲೇ ಅಳೆದು ತೋರಿಸಿದ್ದರು. ಕಾಲು ಕತ್ತರಿಸಿದ ಜಾಗ ಮೇಲಕ್ಕೆ ಹೋದಷ್ಟೂ ನಡಿಗೆ ನಿಧಾನವಾಗುತ್ತದೆ, ಹೆಜ್ಜೆಗೆ ತಗಲುವ ಶ್ರಮ ಏರುತ್ತದೆ. ಅದಕ್ಕೇ ಸಾಧ್ಯವಿದ್ದಾಗಲೆಲ್ಲ ಮಂಡಿ ಉಳಿಸಿ ಎನ್ನುತ್ತೇವೆ. ಇದನ್ನು ಓದಿದ ಸರ್ಜನ್‌ಗೂ, ಮಂಡಿ ಇರುವವರು ಇಲ್ಲದವರು ಇಬ್ಬರೂ ಮೆಟ್ಟಿಲು ಹತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿದ ಸರ್ಜನ್‌ಗೂ ವ್ಯತ್ಯಾಸ ಇದೆ. ಎರಡನೆಯದನ್ನು ಅವರಿಗೆ ತೋರಿಸಲು ನಮ್ಮಿಂದ ಆಗುತ್ತದೆ.

ವೈದ್ಯಕೀಯ ಶಿಕ್ಷಣ ಅಂದರೆ ಎಂಬಿಬಿಎಸ್ ಮಕ್ಕಳಿಗೆ ಪಾಠ ಮಾಡೋದಾ?

ಅದೂ ಸೇರಿದೆ, ಅದಷ್ಟೇ ಅಲ್ಲ. ಒಂದು, ನಮ್ಮದೇ ಬಿಪಿಓ, ಎಂಪಿಓ (ಪಿ ಅಂಡ್ ಓದ ಪದವಿ, ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳಿಗೆ ಕಲಿಸುವುದು. ಇನ್ನೊಂದು, ಎಂಬಿಬಿಎಸ್, ನರ್ಸಿಂಗ್, ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ನಮ್ಮ ವಿಷಯದ ಪಾಠ. ಮತ್ತೊಂದು ಇದೆ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಆರೋಗ್ಯ ವೃತ್ತಿಯವರು ಹೇಗೆ ಕಲಿಯುತ್ತಾರೆ, ಅವರ ಪಠ್ಯಕ್ರಮ ಹೇಗಿರಬೇಕು, ಪರೀಕ್ಷೆ ನ್ಯಾಯವಾಗಿದೆಯಾ ಎಂದು ಅಧ್ಯಯನ ಮಾಡುವುದೇ ಒಂದು ಶಾಸ್ತ್ರ. ಅದಕ್ಕೆ ತನ್ನದೇ ಸ್ನಾತಕೋತ್ತರ ಪದವಿ, ಪಿಎಚ್‌ಡಿ, ಪತ್ರಿಕೆಗಳು, ಸಮ್ಮೇಳನಗಳು ಇವೆ. ಈಗ ಅದನ್ನು ಆರೋಗ್ಯ ವೃತ್ತಿ ಶಿಕ್ಷಣ ಎಂದೇ ಕರೆಯುತ್ತಾರೆ. ಡಾಕ್ಟರ್ ಅಲ್ಲದವರಿಗೂ ಅದರ ಬಾಗಿಲು ತೆರೆದಿದೆ.

ವೃತ್ತಿ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ನಮ್ಮವರಿಗೆ, ಆಮೇಲೆ ಪಕ್ಕದ ವಿಭಾಗದವರಿಗೆ, ಆಮೇಲೆ ಕಲಿಕೆಯ ಪ್ರಶ್ನೆಗಳ ಕಡೆಗೆ.

ನಾನು ಎಂಬಿಬಿಎಸ್ ಅಲ್ಲ. ಮೆಡಿಕಲ್ ಕಾಲೇಜಿನಲ್ಲಿ ನನಗೆ ಜಾಗ ಸಿಗುತ್ತಾ?

ಈ ಪ್ರಶ್ನೆಗೆ ಮುಚ್ಚುಮರೆ ಇಲ್ಲದ ಉತ್ತರ ಬೇಕು. ನಮ್ಮ ದೇಶದಲ್ಲಿ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್, ಅಂದರೆ ಪಿಎಂಆರ್ ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಆ ವಿಷಯದಲ್ಲಿ ವೈದ್ಯಕೀಯ ಸ್ನಾತಕೋತ್ತರ ಪದವಿ ಬೇಕು. ಎಂಪಿಓ ಮಾಡಿದವರು ಆ ಕುರ್ಚಿಗೆ ಅರ್ಜಿ ಹಾಕಲು ಆಗುವುದಿಲ್ಲ. ಕಾಲೇಜಿನ ಮೆಡಿಕಲ್ ಎಜುಕೇಷನ್ ಯೂನಿಟ್‌ನಲ್ಲೂ ಮುಖ್ಯವಾಗಿ ಎಂಬಿಬಿಎಸ್ ಬೋಧಕರೇ ಇರುತ್ತಾರೆ.

ಆದರೆ ಆ ಕುರ್ಚಿಯೊಂದೇ ಜಾಗ ಅಲ್ಲ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೆಡಿಕಲ್, ಡೆಂಟಲ್, ನರ್ಸಿಂಗ್, ಅಲೈಡ್ ಹೆಲ್ತ್ ಎಲ್ಲ ಒಂದೇ ಕ್ಯಾಂಪಸ್‌ನಲ್ಲಿ ಇರುತ್ತವೆ. ಅಲ್ಲಿ ಸ್ಕಿಲ್ ಲ್ಯಾಬ್, ಸಿಮ್ಯುಲೇಷನ್ ಕೇಂದ್ರ, ಬೇರೆ ಬೇರೆ ವೃತ್ತಿಯವರು ಜೊತೆಗೆ ಕಲಿಯುವ ಕಾರ್ಯಕ್ರಮ, ಪರೀಕ್ಷಾ ಸುಧಾರಣೆ, ಬೋಧಕರ ತರಬೇತಿ ಇಂಥ ಕೆಲಸಗಳಿಗೆ ಕೈಕೆಲಸ ಬಲ್ಲ, ಕಲಿಕೆಯ ಶಾಸ್ತ್ರವನ್ನೂ ಓದಿದ ಜನ ಬೇಕು.

2019ರಲ್ಲಿ ಎಂಬಿಬಿಎಸ್‌ಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮವನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಪಿಎಂಆರ್ ವಿಷಯದ ಕೆಳಗೆ ಅಂಗಚ್ಛೇದನದ ಭಾಗ ಇದೆ. ಊರುಗೋಲನ್ನು ಸರಿಯಾಗಿ ಬಳಸುವುದನ್ನು ತೋರಿಸಬೇಕು, ಸಾಮಾನ್ಯ ಅಂಗಚ್ಛೇದನಗಳಿಗೆ ಸರಿಯಾದ ಕೃತಕ ಅಂಗ ಯಾವುದು ಎಂದು ಗುರುತಿಸಬೇಕು ಎಂಬುದೆಲ್ಲ ಅಲ್ಲಿದೆ. ಹಾಗಾದರೆ ಅದನ್ನು ಕಲಿಸಲು ಕೃತಕ ಅಂಗವನ್ನು ಕೈಯಲ್ಲಿ ಹಿಡಿದು ಬಿಚ್ಚಿ ತೋರಿಸುವವರು ಬೇಕಲ್ಲ? ಹುದ್ದೆಯ ಹೆಸರು ಏನೇ ಇರಲಿ, ಆ ಪಾಠಕ್ಕೆ ನಿಮ್ಮನ್ನು ಕರೆಯಬಹುದು. ಕರೆಯದಿದ್ದರೆ ನೀವೇ ಹೋಗಿ ಕೇಳಬಹುದು.

ಬಿಪಿಓ ಮುಗಿಸಿದ ಕೂಡಲೇ ಪಾಠಕ್ಕೆ ಸೇರಬಹುದಾ?

ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಿಪಿಓ ನಾಲ್ಕೂವರೆ ವರ್ಷದ ಕೋರ್ಸ್, ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಅದರಲ್ಲಿ ಕಾಲು ಮಾಡಿ ಕೊಡುವುದನ್ನು ಕಲಿಯುತ್ತೀರಿ. ಕೊಟ್ಟ ಕಾಲು ವರ್ಷದ ನಂತರ ಏನಾಯಿತು ಅಂತ ನೋಡಲು ಅವಕಾಶ ಇರುವುದಿಲ್ಲ.

ಒಬ್ಬರಿಗೆ ಮೊದಲ ಕಾಲು ಕೊಟ್ಟು, ಸ್ಟಂಪ್, ಅಂದರೆ ಕತ್ತರಿಸಿ ಉಳಿದ ಕಾಲಿನ ಭಾಗ, ಸೊರಗಿದಾಗ ಸಾಕೆಟ್ ಸಡಿಲವಾಗದಂತೆ ಅದರ ಮೇಲೆ ಎರಡು ಮೂರು ಕಾಲುಚೀಲ ಜಾಸ್ತಿ ಹಾಕಿಸಿ, ಆಮೇಲೆ ಹೊಸ ಸಾಕೆಟ್ ಮಾಡಿ, ಅವರು ಹೊಲಕ್ಕೋ ಅಂಗಡಿಗೋ ವಾಪಸ್ ಹೋಗಿದ್ದನ್ನೋ ಕಾಲನ್ನು ಅಟ್ಟಕ್ಕೆ ಹಾಕಿದ್ದನ್ನೋ ಕಂಡಿರಬೇಕು. ಅಟ್ಟ ಸೇರಿದ ಕಾಲು ಬಹಳ ಕಲಿಸುತ್ತದೆ. ಆ ಸುತ್ತು ಕೆಲವು ಸಲ ಪೂರ್ತಿಯಾದ ಮೇಲೆ ನೀವು ಹೇಳುವ ಪಾಠಕ್ಕೆ ತೂಕ ಬರುತ್ತದೆ.

ಯಾವ ಓದು ಬೇಕು? ಎಲ್ಲಿ?

ಮೊದಲು ನಮ್ಮ ವಿಷಯದ ಎಂಪಿಓ. ಬೋಧಕ ಹುದ್ದೆಗೆ ಕಾಲೇಜುಗಳು ಕೇಳುವುದು ಅದನ್ನೇ. ಮುಂಬೈಯ ಹಾಜಿ ಅಲಿ ಹತ್ತಿರದ ಎಐಐಪಿಎಂಆರ್, ಒಡಿಶಾದ ಓಲತ್‌ಪುರದ ಎಸ್‌ವಿ ನಿರ್ತಾರ್, ಕೋಲ್ಕತ್ತಾದ ಎನ್ಐಎಲ್‌ಡಿ ಇವೆಲ್ಲ ಹಳೆಯ, ಕೇಂದ್ರ ಸರ್ಕಾರದ ಸಂಸ್ಥೆಗಳು. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಇದೆ. ಜೆ.ಪಿ. ನಗರದಲ್ಲಿ ಪಿ ಅಂಡ್ ಓ ಕೋರ್ಸ್‌ಗಳನ್ನು ನಡೆಸುತ್ತದೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಹತ್ತಿರದ ಬಾಗಿಲು ಅದು. ಎಲ್ಲೇ ಓದಿದರೂ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆ ಇದೆಯಾ ಎಂದು ಮೊದಲು ನೋಡಿ. 1992ರ ಕಾಯ್ದೆಯ ಪ್ರಕಾರ ಈ ವೃತ್ತಿ ಅದರ ಅಡಿ ಬರುತ್ತದೆ.

ಆಮೇಲೆ ಶಿಕ್ಷಣದ ಓದು. ಕೆಲಸದ ಜೊತೆಗೇ ಮಾಡಬಹುದಾದ ಒಳ್ಳೆಯ ದಾರಿ ಫೈಮರ್ ಫೆಲೋಶಿಪ್. ಫೈಮರ್ ಅಂದರೆ ವೈದ್ಯಕೀಯ ಶಿಕ್ಷಣಕ್ಕಾಗಿ ಇರುವ ಒಂದು ಅಂತರರಾಷ್ಟ್ರೀಯ ಪ್ರತಿಷ್ಠಾನ. ಎರಡು ವರ್ಷದ ಅರೆಕಾಲಿಕ ಕಾರ್ಯಕ್ರಮ. ಕೆಲವು ದಿನ ಅಲ್ಲಿಗೆ ಹೋಗಬೇಕು, ಉಳಿದ ಕಾಲ ದೂರದಿಂದಲೇ ಚರ್ಚೆ, ಮತ್ತು ನಿಮ್ಮದೇ ಕಾಲೇಜಿನಲ್ಲಿ ಒಂದು ಶೈಕ್ಷಣಿಕ ಬದಲಾವಣೆಯನ್ನು ಮಾಡಿ ತೋರಿಸಬೇಕು. ಮುಂಬೈಯ ಜಿ.ಎಸ್. ಮೆಡಿಕಲ್ ಕಾಲೇಜು, ಲುಧಿಯಾನದ ಸಿಎಂಸಿ, ಕೊಯಮತ್ತೂರಿನ ಪಿಎಸ್‌ಜಿ ಇದಕ್ಕೆ ಹೆಸರಾದವು. ಮಣಿಪಾಲದಲ್ಲಿ ಇರುವ ಫೈಮರ್ ಕಾರ್ಯಕ್ರಮದ ಒತ್ತು ಬೇರೆ ಬೇರೆ ವೃತ್ತಿಯವರು ಕೂಡಿ ಕಲಿಯುವುದರ ಮೇಲೆ. ನಮ್ಮಂಥವರಿಗೆ ಅದು ಹೆಚ್ಚು ಹೊಂದುತ್ತದೆ. ಪಿ ಅಂಡ್ ಓ ಕೆಲಸವೇ ಸರ್ಜನ್, ಪಿಎಂಆರ್ ಡಾಕ್ಟರ್, ಫಿಸಿಯೋ, ಆಕ್ಯುಪೇಷನಲ್ ಥೆರಪಿಸ್ಟ್, ಟೆಕ್ನಿಷಿಯನ್ ಎಲ್ಲರ ಮಧ್ಯೆ ನಡೆಯುವಂಥದ್ದು.

ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜು ರಾಷ್ಟ್ರೀಯ ವೈದ್ಯಕೀಯ ಆಯೋಗದ ಬೋಧಕ ತರಬೇತಿಯ ನೋಡಲ್ ಕೇಂದ್ರ. ಅಲ್ಲಿನ ಬೋಧಕರ ಜೊತೆ ಪರಿಚಯ ಮಾಡಿಕೊಂಡರೆ ಉತ್ತರ ಕರ್ನಾಟಕದವರಿಗೆ ಅನುಕೂಲ. ವಿದೇಶದ ಪದವಿ ಬೇಕು, ಕೆಲಸ ಬಿಡಲು ಆಗುವುದಿಲ್ಲ ಎನ್ನುವವರಿಗೆ ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ಮತ್ತು ಸ್ಕಾಟ್‌ಲೆಂಡ್‌ನ ಡಂಡೀ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸ್‌ಗಳಿವೆ. ಬಹುಪಾಲು ದೂರದಿಂದಲೇ ಓದಬಹುದು. ಫೀಸು ನಮ್ಮ ಸಂಬಳಕ್ಕೆ ಭಾರ. ವಿದ್ಯಾರ್ಥಿವೇತನ ವಿಚಾರಿಸದೆ ಸುಮ್ನೆ ಸಾಲ ಮಾಡಬೇಡಿ.

ಒಳ್ಳೆಯ ಪ್ರೊಸ್ಥೆಟಿಸ್ಟ್ ತಾನಾಗಿಯೇ ಒಳ್ಳೆಯ ಮೇಷ್ಟ್ರಾಗುತ್ತಾರಾ?

ಇಲ್ಲ. ಈ ದಾರಿಯಲ್ಲಿ ನಿಜವಾಗಿ ಕಷ್ಟದ ಭಾಗ ಇದೇ.

ಅನುಭವಿ ಕೈಗೆ ಎಷ್ಟೋ ವಿಷಯ ಯೋಚನೆ ಇಲ್ಲದೆ ಗೊತ್ತಾಗುತ್ತದೆ. ಸಾಕೆಟ್‌ಗೆ ಅಚ್ಚು ತೆಗೆಯಲು ಸ್ಟಂಪ್‌ಗೆ ಪಿಓಪಿ (ಪ್ಲಾಸ್ಟರ್) ಬ್ಯಾಂಡೇಜ್ ಸುತ್ತುವಾಗ ಹೆಬ್ಬೆರಳು ತಾನಾಗಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಎರಡು ಬದಿಗೆ ಹೋಗಿ ಒತ್ತುತ್ತದೆ. ಹಿಂದಿನ ಬೆರಳುಗಳು ಮಂಡಿಯ ಹಿಂದಿನ ಕುಳಿಯನ್ನು ಹಿಡಿಯುತ್ತವೆ. ಎಷ್ಟು ಒತ್ತಬೇಕು? ಯಾವಾಗ ಬಿಡಬೇಕು? ಕೇಳಿದರೆ ಹಿರಿಯರು "ಕೈಗೆ ಗೊತ್ತಾಗುತ್ತೆ" ಅನ್ನುತ್ತಾರೆ. ಅದು ನಿಜ. ಆದರೆ ಎರಡನೇ ವರ್ಷದ ಹುಡುಗಿಗೆ ಆ ಉತ್ತರದಿಂದ ಏನೂ ಸಿಗುವುದಿಲ್ಲ.

ಮೇಷ್ಟ್ರಾಗುವುದು ಅಂದರೆ ಕೈಗೆ ಗೊತ್ತಿರುವುದನ್ನು ಬಿಡಿಸಿ ಬಾಯಿಗೆ ತರುವುದು. ಒತ್ತಡ ತಾಳುವ ಜಾಗ ಯಾವುವು, ತಾಳದ ಜಾಗ ಯಾವುವು? ಮಂಡಿಚಿಪ್ಪಿನ ಕೆಳಗಿನ ರಜ್ಜು, ಒಳಬದಿಯ ಮೂಳೆಯ ಅಗಲ ಭಾಗ, ಹಿಂಬದಿಯ ಮಾಂಸಖಂಡ ತಾಳುತ್ತವೆ. ಹೊರಬದಿಯ ಸಣ್ಣ ಮೂಳೆಯ ತಲೆ, ಮುಂಗಾಲಿನ ಮೂಳೆಯ ಏಣು, ಅದರ ಕತ್ತರಿಸಿದ ತುದಿ ತಾಳುವುದಿಲ್ಲ. ಅಚ್ಚು ತಿದ್ದುವಾಗ ತಾಳುವ ಕಡೆ ಪ್ಲಾಸ್ಟರ್ ಕೆರೆಯುತ್ತೇವೆ, ತಾಳದ ಕಡೆ ಸೇರಿಸುತ್ತೇವೆ. ವಿದ್ಯಾರ್ಥಿ ಇದನ್ನು ಬಾಯಿಪಾಠ ಮಾಡಬಹುದು. ಆದರೆ ಈ ರೋಗಿಗೆ ಎಷ್ಟು ಕೆರೆಯಬೇಕು ಎನ್ನುವುದು ಚರ್ಮ, ಮಾಂಸ, ತೂಕ, ಕೆಲಸ ಎಲ್ಲವನ್ನೂ ನೋಡಿ ಬರುವ ತೀರ್ಮಾನ. ಆ ತೀರ್ಮಾನದ ದಾರಿಯನ್ನು ನೀವು ಜೋರಾಗಿ ಹೇಳುತ್ತಾ ಕೆಲಸ ಮಾಡಬೇಕು.

ಬ್ರಿಟನ್ನಿನ ಸರ್ಜನ್ ಪೇಟನ್ 1998ರಲ್ಲಿ ಕೈಕೆಲಸ ಕಲಿಸಲು ನಾಲ್ಕು ಹೆಜ್ಜೆ ಹೇಳಿದರು. ಮೊದಲು ಮಾತಿಲ್ಲದೆ ಸಹಜ ವೇಗದಲ್ಲಿ ಮಾಡಿ ತೋರಿಸಿ. ಆಮೇಲೆ ನಿಧಾನವಾಗಿ, ಪ್ರತಿ ಹಂತ ವಿವರಿಸುತ್ತಾ ಮಾಡಿ. ಮೂರನೇ ಸಲ ವಿದ್ಯಾರ್ಥಿ ಹೇಳುತ್ತಾ ಹೋಗಲಿ, ಮಾಡುವವರು ನೀವು. ನಾಲ್ಕನೇ ಸಲ ವಿದ್ಯಾರ್ಥಿಯೇ ಹೇಳುತ್ತಾ ಮಾಡಲಿ. ನನಗೆ ಇದರಲ್ಲಿ ಮೂರನೇ ಹೆಜ್ಜೆ ಬಹಳ ಇಷ್ಟ. ವಿದ್ಯಾರ್ಥಿಯ ತಲೆಯಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಎಂದು ಪ್ಲಾಸ್ಟರ್ ಹಾಳಾಗುವ ಮೊದಲೇ, ರೋಗಿಗೆ ನೋವಾಗುವ ಮೊದಲೇ ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನ ಕಡೆ ಬಿಟ್ಟುಹೋಗುವ ಹೆಜ್ಜೆಯೂ ಅದೇ.

ಟೆಕ್ನಿಷಿಯನ್‌ಗಳಿಂದ ಕಲಿಯೋದು ಇನ್ನೂ ಇದೆಯಾ, ಪದವಿ ಬಂದ ಮೇಲೂ?

ಇರಲೇಬೇಕು. ಜೈಪುರ ಕಾಲು ಹುಟ್ಟಿದ್ದು ಹೇಗೆ ನೆನಪಿಸಿಕೊಳ್ಳಿ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಅದನ್ನು ಮಾಡಿದರು. ಶರ್ಮಾ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಅವರಿಗೆ ರಬ್ಬರ್, ಮರ, ಅಚ್ಚು ಗೊತ್ತಿತ್ತು. ಡಾಕ್ಟರಿಗೆ ಮೂಳೆ, ಕೀಲು ಗೊತ್ತಿತ್ತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಕಾಲೇಜುಗಳಲ್ಲಿ ಟೆಕ್ನಿಷಿಯನ್ ಅಣ್ಣಂದಿರು ವಿದ್ಯಾರ್ಥಿಗಳಿಗೆ ದಿನಾ ಕಲಿಸುತ್ತಾರೆ. ಲ್ಯಾಮಿನೇಷನ್‌ನಲ್ಲಿ (ಸಾಕೆಟ್‌ನ ಪದರ ಕಟ್ಟುವಾಗ) ಗಾಳಿಗುಳ್ಳೆ ಯಾಕೆ ಬಂತು, ಓವನ್‌ನಿಂದ ಪ್ಲಾಸ್ಟಿಕ್ ಶೀಟ್ ತೆಗೆಯುವ ಸರಿಯಾದ ಹೊತ್ತು ಯಾವುದು ಎಂದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ಟೈಮ್‌ಟೇಬಲ್‌ನಲ್ಲಿ ಅವರ ಹೆಸರಿಲ್ಲ, ಬೋಧಕರ ತರಬೇತಿಗೆ ಅವರನ್ನು ಕರೆಯುವುದಿಲ್ಲ. ನೀವು ಶಿಕ್ಷಣದ ಕಡೆಗೆ ಬಂದರೆ ದಯವಿಟ್ಟು ಇದನ್ನು ಬದಲಾಯಿಸಿ. ಅವರಿಗೆ ಕಲಿಸುವ ವಿಧಾನ ಹೇಳಿಕೊಡಿ, ಅಂಕ ಕೊಡುವಾಗ ಅವರ ಮಾತು ಕೇಳಿ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಏನು ಬದಲಾಯಿಸಬಹುದು?

ಬಹಳ ಇದೆ. ಹಳೆಯ ಪದ್ಧತಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಸುಲಭದ ಸ್ಟಂಪ್ ಸಿಗುತ್ತದೆ, ಇನ್ನೊಬ್ಬನಿಗೆ ಕಷ್ಟದ್ದು. ಒಬ್ಬ ಪರೀಕ್ಷಕರು ಮೃದು, ಇನ್ನೊಬ್ಬರು ಗಟ್ಟಿ. ಅಂಕ ಅದೃಷ್ಟದ ಮೇಲೆ ನಿಲ್ಲುತ್ತದೆ.

ಡಂಡೀಯ ರೊನಾಲ್ಡ್ ಹಾರ್ಡನ್ 1975ರಲ್ಲಿ ಇದಕ್ಕೊಂದು ಪರಿಹಾರ ತೋರಿಸಿದರು. ಅದೇ ಓಎಸ್‌ಸಿಇ, ನಾವು ಆಸ್ಕಿ ಅನ್ನುತ್ತೇವೆ. ಚಿಕ್ಕ ಚಿಕ್ಕ ಸ್ಟೇಷನ್‌ಗಳು, ಎಲ್ಲರಿಗೂ ಒಂದೇ ಕೆಲಸ, ಮೊದಲೇ ಬರೆದಿಟ್ಟ ಅಂಕಪಟ್ಟಿ. ನಮ್ಮ ವಿಷಯಕ್ಕೆ ಇದು ತುಂಬ ಒಗ್ಗುತ್ತದೆ. ಒಂದು ಸ್ಟೇಷನ್‌ನಲ್ಲಿ ಸ್ಟಂಪ್‌ಗೆ ಎಂಟರ ಆಕಾರದಲ್ಲಿ ಬ್ಯಾಂಡೇಜ್ ಕಟ್ಟಬೇಕು. ತುದಿಯಲ್ಲಿ ಬಿಗಿ, ಮೇಲೆ ಸಡಿಲ ಇದೆಯಾ ನೋಡುತ್ತೇವೆ. ತಿರುಗಾಮುರುಗಾ ಆದರೆ ತುದಿಯಲ್ಲಿ ಬಾವು ಬರುತ್ತದೆ. ಇನ್ನೊಂದರಲ್ಲಿ ನಡಿಗೆಯ ವಿಡಿಯೋ: ರೋಗಿ ಕೃತಕ ಕಾಲಿನ ಕಡೆಗೆ ಮೈ ವಾಲಿಸುತ್ತಿದ್ದಾರೆ, ಕಾರಣ ಏನಿರಬಹುದು? ಕಾಲು ಗಿಡ್ಡವಾಗಿದೆಯಾ, ಸಾಕೆಟ್‌ನ ಹೊರಗೋಡೆ ಸೊಂಟಕ್ಕೆ ಆಸರೆ ಕೊಡುತ್ತಿಲ್ಲವಾ, ಸೊಂಟದ ಸ್ನಾಯುವೇ ಸೋತಿದೆಯಾ? ಮತ್ತೊಂದರಲ್ಲಿ ಮಾತು: ಬೆಳಿಗ್ಗೆ ಸರಿ ಇದ್ದ ಕಾಲು ಸಂಜೆಗೆ ಸಡಿಲ ಆಗುತ್ತೆ ಅನ್ನುವ ಅಜ್ಜಿಗೆ ಕಾಲುಚೀಲದ ಲೆಕ್ಕ ಅವರಿಗೆ ತಿಳಿಯುವ ಹಾಗೆ ಹೇಳಬೇಕು.

ಆದರೆ ಆಸ್ಕಿ ತೋರಿಸುವುದು ಪರೀಕ್ಷೆಯ ಕೋಣೆಯಲ್ಲಿ ವಿದ್ಯಾರ್ಥಿ ಏನು ಮಾಡಬಲ್ಲರು ಎಂದಷ್ಟೇ. ಜಾರ್ಜ್ ಮಿಲ್ಲರ್ 1990ರಲ್ಲಿ ಬಿಡಿಸಿದ ಪಿರಮಿಡ್‌ನಲ್ಲಿ ಅದಕ್ಕೂ ಮೇಲೆ ಒಂದು ಮೆಟ್ಟಿಲಿದೆ: ನಿಜ ಕೆಲಸದಲ್ಲಿ, ಯಾರೂ ಅಂಕ ಹಾಕದಿದ್ದಾಗ ಏನು ಮಾಡುತ್ತಾರೆ. ಕಾಲು ಕೊಡುವ ಕೆಲಸದಲ್ಲಿ ಅದನ್ನು ನೋಡಲು ಒಂದೇ ರೋಗಿಯನ್ನು ಕಾಸ್ಟಿಂಗ್‌ನಿಂದ (ಪ್ಲಾಸ್ಟರ್ ಅಚ್ಚು ತೆಗೆಯುವುದರಿಂದ) ಫಾಲೋಅಪ್‌ವರೆಗೆ ಒಬ್ಬ ವಿದ್ಯಾರ್ಥಿಗೆ ಒಪ್ಪಿಸಬೇಕು. ಸಮಯ ಹಿಡಿಯುತ್ತದೆ. ಆದರೂ ಬಿಡಬಾರದು.

ರೋಗಿಗಳನ್ನು ಪಾಠಕ್ಕೆ ಕರೆಸೋದು ಸರಿಯಾ?

ಸರಿಯಾಗಿ ಕರೆಸಿದರೆ ಸರಿ. ಬಿಪಿಓ ತರಬೇತಿಯಲ್ಲಿ ವಿದ್ಯಾರ್ಥಿಗಳು ಕಾಸ್ಟ್ ತೆಗೆಯಲು ಕಾಲಿಲ್ಲದವರು ಬಂದು ಗಂಟೆಗಟ್ಟಲೆ ಕೂರುತ್ತಾರೆ. ಒಂದೇ ಸ್ಟಂಪ್‌ಗೆ ಹಲವರು ಪ್ಲಾಸ್ಟರ್ ಸುತ್ತುತ್ತಾರೆ. ಆ ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಇರುತ್ತದೆ, ಚರ್ಮ ಕೆಂಪಾಗುತ್ತದೆ. ಅವರಿಗೆ ಕೂಲಿ, ಪ್ರಯಾಣದ ಖರ್ಚು, ಊಟ ಕೊಡುವುದು ಉಪಕಾರ ಅಲ್ಲ, ಕರ್ತವ್ಯ. "ಇವತ್ತು ಬೇಡ" ಎಂದರೆ ಅವರ ಚಿಕಿತ್ಸೆಗೆ ಏನೂ ತೊಂದರೆ ಆಗುವುದಿಲ್ಲ ಎಂದು ಮೊದಲೇ ಅವರ ಭಾಷೆಯಲ್ಲಿ ಹೇಳಬೇಕು.

ಅದಕ್ಕಿಂತ ಮುಂದಿನ ಹೆಜ್ಜೆ, ಅವರನ್ನೇ ಮೇಷ್ಟ್ರ ಜಾಗದಲ್ಲಿ ಕೂರಿಸುವುದು. ಎಂಬಿಬಿಎಸ್ ಮೊದಲ ವರ್ಷದಲ್ಲೇ ರೋಗಿಗಳ ಪರಿಚಯ ಆಗಬೇಕು ಎಂದು ಹೊಸ ಪಠ್ಯಕ್ರಮ ಹೇಳುತ್ತದೆ. ಕಾಲಿನ ಅನಾಟಮಿ ಪಾಠದ ವಾರದಲ್ಲಿ ಕೃತಕ ಕಾಲು ಹಾಕಿದ ಒಬ್ಬರನ್ನು ಕರೆಸಿ. ಇಲ್ಲದ ಪಾದದಲ್ಲಿ ಉರಿ ಬರುವುದು ಹೇಗಿರುತ್ತದೆ, ಕಾಲು ತೆಗೆಯಬೇಕು ಎಂಬ ಸುದ್ದಿಯನ್ನು ಡಾಕ್ಟರ್ ಹೇಗೆ ಹೇಳಿದರು, ಯಾವ ಮಾತು ಇನ್ನೂ ನೋಯಿಸುತ್ತದೆ ಎಂದು ಅವರೇ ಹೇಳಲಿ. ನಾವು ಪಕ್ಕದಲ್ಲಿ ಸುಮ್ಮನಿದ್ದರೆ ಸಾಕು.

ಪುಸ್ತಕಗಳೆಲ್ಲ ವಿದೇಶದವು. ಅವನ್ನೇ ಪಾಠ ಮಾಡಬೇಕಾ?

ತತ್ವಗಳನ್ನು ಹೌದು, ಉದಾಹರಣೆಗಳನ್ನು ಅಲ್ಲ. ಆ ಪುಸ್ತಕಗಳ ರೋಗಿ ಶೂ ಹಾಕುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ಸಮ ನೆಲದ ಮೇಲೆ ನಡೆಯುತ್ತಾರೆ. ಅಮೆರಿಕದ ಬರ್ಕ್ಲಿಯಲ್ಲಿ 1950ರ ದಶಕದಲ್ಲಿ ರೂಪುಗೊಂಡ ಸ್ಯಾಚ್ ಎಂಬ ಕೃತಕ ಪಾದ ಅಂಥ ಬದುಕಿಗೆ ಹೊಂದುತ್ತದೆ. ಅದರಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಜೈಪುರ ಕಾಲು ಬಂದಿದ್ದೇ ಬರಿಗಾಲಲ್ಲಿ ನಡೆಯಲು, ಕುಕ್ಕರಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಕೆಸರಿನ ಗದ್ದೆಗೆ ಇಳಿಯಲು.

ಪಠ್ಯಕ್ರಮ ಬರೆಯುವಾಗ ನಾನು ಈ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ: ರಾಯಚೂರಿನ ಬಿಸಿಲಲ್ಲಿ ಹತ್ತಿ ಬಿಡಿಸುವ ಹೆಂಗಸಿಗೆ, ಮಲೆನಾಡಿನ ಮಳೆಯಲ್ಲಿ ತೋಟದ ಏರು ಹತ್ತುವವರಿಗೆ ಯಾವ ಕಾಲು? ಬೆವರಿದ ಸ್ಟಂಪ್‌ನ ಮೇಲೆ ಸಿಲಿಕೋನ್ ಲೈನರ್ (ಸಾಕೆಟ್ ಒಳಗೆ ಹಾಕುವ ಮೆತ್ತನೆಯ ಚೀಲ) ಏನಾಗುತ್ತದೆ? ಇಂಥ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯಾರ್ಥಿ ತತ್ವಗಳನ್ನೂ ಚೆನ್ನಾಗಿ ಕಲಿಯುತ್ತಾರೆ.

3ಡಿ ಸ್ಕ್ಯಾನ್, ಪ್ರಿಂಟ್ ಬಂದ ಮೇಲೆ ಪ್ಲಾಸ್ಟರ್ ಕಲಿಸುವುದು ದಂಡ ಅಲ್ವಾ?

ಅಲ್ಲ. ಸ್ಕ್ಯಾನರ್ ಸ್ಟಂಪ್‌ನ ಆಕಾರ ಹೇಳುತ್ತದೆ. ಎಲ್ಲಿ ಮೆತ್ತಗಿದೆ, ಎಲ್ಲಿ ಮೂಳೆ ಚರ್ಮಕ್ಕೆ ತಾಗಿದೆ, ಎಲ್ಲಿ ಮುಟ್ಟಿದರೆ ರೋಗಿ ಮುಖ ಕಿವುಚುತ್ತಾರೆ ಎಂದು ಹೇಳುವುದಿಲ್ಲ. ಪರದೆಯ ಮೇಲೆ ಆಕಾರ ತಿದ್ದುವವರಿಗೂ ಆ ತಿಳಿವಳಿಕೆ ಕೈಯಿಂದಲೇ ಬಂದಿರಬೇಕು. ಎರಡನ್ನೂ ಕಲಿಸಿ, ಮೊದಲು ಕೈ.

ಸಂಶೋಧನೆ ಪೂರ್ತಿ ಬದಲಾಗುತ್ತಾ?

ಬದಲಾಗುತ್ತದೆ, ಮತ್ತು ಮೊದಮೊದಲು ಇರಿಸುಮುರಿಸು ಆಗುತ್ತದೆ. ಕ್ಲಿನಿಕ್‌ನಲ್ಲಿ ನಾವು ಕೋನ, ಬಲ, ನಡಿಗೆಯ ವೇಗ ಅಳೆದು ಅಭ್ಯಾಸ. ಶಿಕ್ಷಣದಲ್ಲಿ ಪ್ರಶ್ನೆಗಳೇ ಬೇರೆ: ಮೊದಲ ಸಲ ರೋಗಿಯನ್ನು ಮುಟ್ಟುವಾಗ ವಿದ್ಯಾರ್ಥಿಗೆ ಏನನಿಸುತ್ತದೆ? ಫೀಡ್‌ಬ್ಯಾಕ್ ಕೊಟ್ಟರೂ ಯಾಕೆ ಕಿವಿಗೆ ಹೋಗುವುದಿಲ್ಲ? ಪರೀಕ್ಷಕರಿಬ್ಬರು ಒಂದೇ ಕಾಸ್ಟ್‌ಗೆ ಬೇರೆ ಬೇರೆ ಅಂಕ ಏಕೆ ಕೊಡುತ್ತಾರೆ?

ನಮ್ಮ ತರಗತಿಗಳು ಚಿಕ್ಕವು. ಇಷ್ಟು ಕಡಿಮೆ ಜನರ ಮೇಲೆ ದೊಡ್ಡ ಅಂಕಿಅಂಶದ ಲೆಕ್ಕ ನಿಲ್ಲುವುದಿಲ್ಲ. ಪಾಠದ ಮುಂಚೆ ಒಂದು ಪರೀಕ್ಷೆ, ಪಾಠದ ನಂತರ ಅದೇ ಪರೀಕ್ಷೆ, ಅಂಕ ಏರಿತು ಎಂದು ಲೇಖನ ಬರೆಯುವುದನ್ನು ದಯವಿಟ್ಟು ಬಿಡಿ. ಪಾಠ ಮಾಡಿದರೆ ಅಂಕ ಏರುವುದು ಸಹಜ. ಸಂದರ್ಶನ, ಗುಂಪು ಚರ್ಚೆ, ನೇರವಾಗಿ ಗಮನಿಸುವುದು ಇವನ್ನು ಶಿಸ್ತಿನಿಂದ ಕಲಿಯಿರಿ. ಸಮಾಜಶಾಸ್ತ್ರ ಓದಿದ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ.

ಒಂದು ಎಚ್ಚರಿಕೆ. ನಿಮ್ಮದೇ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡುವಾಗಲೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಇಂಟರ್ನಲ್ ಅಂಕ ನಿಮ್ಮ ಕೈಯಲ್ಲಿರುವಾಗ ಅವರು ಬೇಡ ಎನ್ನಲು ಹೆದರುತ್ತಾರೆ. ಸಂದರ್ಶನವನ್ನು ಅಂಕ ಹಾಕದ ಬೇರೆಯವರಿಂದ ಮಾಡಿಸಿ.

ಪ್ರಕಟಣೆಗೆ ನಮ್ಮ ವೃತ್ತಿಯ ಅಂತರರಾಷ್ಟ್ರೀಯ ಸಂಘವಾದ ಐಎಸ್‌ಪಿಓದ ಪತ್ರಿಕೆ ಇದೆ, ಶಿಕ್ಷಣದ ಪತ್ರಿಕೆಗಳೂ ಇವೆ. ಎರಡೂ ಕಡೆಯ ಓದುಗರಿಗೆ ಅರ್ಥವಾಗುವ ಹಾಗೆ ಬರೆಯುವವರು ಕಡಿಮೆ. ನಿಮ್ಮ ಬೆಲೆ ಇರುವುದು ಅಲ್ಲೇ.

ಪಾಠಕ್ಕೆ ಬಂದರೆ ಕ್ಲಿನಿಕ್ ಬಿಡಬೇಕಾ? ಇಷ್ಟು ಕಡಿಮೆ ಜನ ಇರುವಾಗ ಬಿಡುವುದು ತಪ್ಪಲ್ವಾ?

ಪೂರ್ತಿ ಬಿಡಬೇಡಿ. ವಾರಕ್ಕೆ ಒಂದು ದಿನವಾದರೂ ರೋಗಿಗಳನ್ನು ನೋಡಿ. ಆರ್‌ಸಿಐ ನೋಂದಣಿ ಜೀವಂತ ಇರಲು ಸಿಆರ್‌ಇ, ಅಂದರೆ ಮುಂದುವರಿದ ಕಲಿಕೆಯ ಅಂಕಗಳೂ ಬೇಕು. ಅದನ್ನು ಮರೆತು ನೋಂದಣಿ ಮುಗಿದುಹೋದರೆ ಬೋಧಕ ಹುದ್ದೆಗೂ ತೊಡಕು.

ಎರಡನೆಯ ಪ್ರಶ್ನೆ ಭಾರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಈ ಸೇವೆ ಬೇಕಾದ 10 ಜನರಲ್ಲಿ ಒಬ್ಬರಿಗಷ್ಟೇ ಅದು ಸಿಗುತ್ತಿದೆ. ಸಂಸ್ಥೆ 2017ರಲ್ಲಿ ಹೊರತಂದ ಮಾನದಂಡಗಳ ಪ್ರಕಾರ 10 ಲಕ್ಷ ಜನಕ್ಕೆ 5ರಿಂದ 10 ಪಿ ಅಂಡ್ ಓ ಪರಿಣತರು ಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ ದಾಟಿತ್ತು. ಆ ಲೆಕ್ಕದಲ್ಲಿ ನಮ್ಮ ರಾಜ್ಯಕ್ಕೇ 300ರಿಂದ 600 ಜನ ಬೇಕಾಗುತ್ತದೆ. ಅಷ್ಟು ಜನರನ್ನು ತಯಾರು ಮಾಡಲು ಬೋಧಕರು ಬೇಕಲ್ಲ? ಹಾಗಾಗಿ ಪಾಠಕ್ಕೆ ಬರುವುದು ರೋಗಿಗಳಿಗೆ ಬೆನ್ನು ಹಾಕಿದಂತೆ ಎಂದು ನಾನು ಒಪ್ಪುವುದಿಲ್ಲ. ಆದರೆ ಕ್ಲಿನಿಕ್‌ನ ಸುಸ್ತಿನಿಂದ ತಪ್ಪಿಸಿಕೊಳ್ಳಲು ಪಾಠಕ್ಕೆ ಬರುವುದಾದರೆ ಬೇಡ. ಇಲ್ಲಿ ಸುಸ್ತು ಬೇರೆ ಥರದ್ದು, ಕಡಿಮೆ ಏನಲ್ಲ.

ಸಂಬಳ?

ಸರ್ಕಾರಿ ಸಂಸ್ಥೆಯಲ್ಲಿ ವೇತನ ಆಯೋಗದ ಶ್ರೇಣಿ. ಖಾಸಗಿಯಲ್ಲಿ ಊರು, ಸಂಸ್ಥೆ, ನಿಮ್ಮ ಮಾತುಕತೆಯ ಮೇಲೆ. ದೊಡ್ಡ ಕಂಪನಿಯ ಕ್ಲಿನಿಕ್‌ನಲ್ಲಿ ಇರುವವರಿಗೆ ಶುರುವಿನಲ್ಲಿ ಸಂಬಳ ಇಳಿಯಬಹುದು. ಮನೆಯವರ ಜೊತೆ ಕೂತು ಲೆಕ್ಕ ಹಾಕಿಯೇ ಹೆಜ್ಜೆ ಇಡಿ.

ವಿದೇಶದಲ್ಲಿರುವ ಕನ್ನಡಿಗ ಪ್ರೊಸ್ಥೆಟಿಸ್ಟ್‌ಗಳಿಗೆ?

ಬ್ರಿಟನ್‌ನಲ್ಲಿ ಈ ವೃತ್ತಿ ಎಚ್‌ಸಿಪಿಸಿ (ಆರೋಗ್ಯ ವೃತ್ತಿಗಳ ಪರಿಷತ್ತು) ನೋಂದಣಿಯ ಅಡಿ ಬರುತ್ತದೆ. ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ಮತ್ತು ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡ್ ಈ ವಿಷಯ ಕಲಿಸುವ ಹಳೆಯ ವಿಶ್ವವಿದ್ಯಾಲಯಗಳು. ಅಲ್ಲಿ ಬೋಧಕರಾದವರು ಸಾಮಾನ್ಯವಾಗಿ ಉನ್ನತ ಶಿಕ್ಷಣ ಬೋಧನೆಯ ಸರ್ಟಿಫಿಕೇಟ್ ಮಾಡಿ, ಹೈಯರ್ ಎಜುಕೇಷನ್ ಅಕಾಡೆಮಿಯ (2018ರಿಂದ ಅದು ಅಡ್ವಾನ್ಸ್ ಎಚ್‌ಇ ಎಂಬ ಸಂಸ್ಥೆಯಲ್ಲಿ ಸೇರಿದೆ) ಫೆಲೋ ಆಗುತ್ತಾರೆ. ಡಾಕ್ಟರ್ ಅಲ್ಲದವರು ವೈದ್ಯಕೀಯ ಶಾಲೆಯ ಶಿಕ್ಷಣ ವಿಭಾಗದಲ್ಲಿ ಕೆಲಸ ಮಾಡುವುದು ಅಲ್ಲಿ ಹೊಸದೇನಲ್ಲ. ಹೋಲಿಸಿದರೆ ದಾರಿ ಅಲ್ಲಿ ಹೆಚ್ಚು ನೆಟ್ಟಗಿದೆ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಇಲ್ಲಿನ ವಿದ್ಯಾರ್ಥಿಗಳಿಗೆ ಒಂದು ದಿನ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಪಾಠ ಕನ್ನಡದಲ್ಲಿ ಮಾಡಬಹುದಾ?

ಪರೀಕ್ಷೆ ಇಂಗ್ಲಿಷ್‌ನಲ್ಲೇ ಇದೆ. ಆದರೆ ವಿವರಣೆ, ಚರ್ಚೆ ಕನ್ನಡದಲ್ಲಿ ಖಂಡಿತ ಆಗಬೇಕು. ಹಳ್ಳಿಯಿಂದ ಬಂದ ವಿದ್ಯಾರ್ಥಿ ಕನ್ನಡದಲ್ಲಿ ಕೇಳುವ ಪ್ರಶ್ನೆ ಎಷ್ಟೋ ಸಲ ಇಂಗ್ಲಿಷ್‌ನಲ್ಲಿ ಹೊರಗೇ ಬರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ತಾತನಿಗೆ ಇನ್ನೊಂದು ಪಾದವನ್ನು ದಿನಾ ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವುದೂ ಕನ್ನಡದಲ್ಲೇ. ಆ ಮಾತನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಿ, ಅದಕ್ಕೆ ಅಂಕವನ್ನೂ ಇಡಿ.

ನಾನು ಈಗ ಕ್ಲಿನಿಕ್‌ನಲ್ಲಿದ್ದೇನೆ. ಮೊದಲು ಏನು ಮಾಡಲಿ?

ಹತ್ತಿರದ ಆಸ್ಪತ್ರೆಯ ಸರ್ಜರಿ ಅಥವಾ ಮೂಳೆ ವಿಭಾಗದ ಮುಖ್ಯಸ್ಥರನ್ನು ಭೇಟಿ ಮಾಡಿ. ಹೌಸ್ ಸರ್ಜನ್‌ಗಳಿಗೆ, ವಾರ್ಡ್ ಸಿಸ್ಟರ್‌ಗಳಿಗೆ ಅರ್ಧ ಗಂಟೆ ಕೇಳಿ. ಪವರ್‌ಪಾಯಿಂಟ್ ಬೇಡ. ಒಂದು ಸಾಕೆಟ್, ಒಂದು ಕ್ರೇಪ್ ಬ್ಯಾಂಡೇಜ್, ಆ ದಿಂಬಿನ ವಿಷಯ ಇಷ್ಟು ಸಾಕು. ಕೊನೆಗೆ ಅವರ ಕೈಯಲ್ಲೇ ಬ್ಯಾಂಡೇಜ್ ಕಟ್ಟಿಸಿ, ನೀವು ಹೇಳಿದ್ದರಲ್ಲಿ ಏನು ಅರ್ಥವಾಗಲಿಲ್ಲ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ತಿಂಗಳಾದ ಮೇಲೆ ಆ ವಾರ್ಡ್‌ನಿಂದ ಬರುವ ರೋಗಿಗಳ ಮಂಡಿ ಹೇಗಿದೆ ಎಂದು ಗಮನಿಸಿ, ಬರೆದಿಡಿ. ಫೆಲೋಶಿಪ್ ಅರ್ಜಿಯಲ್ಲಿ ನಿಮ್ಮ ಯೋಜನೆ ಏನು ಎಂದು ಕೇಳುತ್ತಾರೆ. ಆ ಚೀಟಿಗಳನ್ನೂ ಈ ಟಿಪ್ಪಣಿಗಳನ್ನೂ ಇಟ್ಟುಕೊಂಡು ಅದನ್ನು ಬರೆಯಲು ಕೂರಬಹುದು.